ಗಟ್ಟಿಗಿತ್ತಿ ಚಪ್ಪಲಿ ಬಿಚ್ಚಿದ ಪುಟ

ಅಭಿಪ್ರಾಯ ಕೇಳುವವರಿಗೆ ಬೇಕಾಗಿರುವುದು ಹೊಗಳಿಕೆ ಎಂಬುದು ಲೋಕಕ್ಕೆಲ್ಲ ಗೊತ್ತು. ಕನ್ನಡ ಮೇಷ್ಟರಿಗೆ ಮಾತ್ರ ಗೊತ್ತಿಲ್ಲ. ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ವಿಮರ್ಶೆಯ ಪಾಠ ಹೇಳಿ ಹೇಳಿ, ಮದುವೆಮನೆಯಲ್ಲಿ ಪಾಯಸ ಹೇಗಿದೆ ಎಂದು ಕೇಳಿದರೂ ಮೊದಲು ಗುಣ, ಆಮೇಲೆ ದೋಷ ಹೇಳುವ ಮನುಷ್ಯ ನಾನು. ಹಾಗಾಗಿ ಈಗ ಪಾಯಸದ ಬಗ್ಗೆ ನನ್ನನ್ನು ಯಾರೂ ಕೇಳುವುದಿಲ್ಲ, ಎರಡನೇ ಸಲ ಬಡಿಸುವುದೂ ಇಲ್ಲ.

ಧೈರ್ಯ ಮಾಡಿ ಕೇಳಿದವಳು ಮಗಳು ಸಿಂಧು ಒಬ್ಬಳೇ. ಚಿತ್ರಕಲೆ ಓದುವ ಅವಳು ತಾನೇ ಕಥೆ ಬರೆದು, ಚಿತ್ರ ಬಿಡಿಸಿ ಒಂದು ಸೂಪರ್‌ಹೀರೋ ಕಾಮಿಕ್ಸ್ ಮಾಡಿದ್ದಳು. ಅಚ್ಚಿಗೆ ಕೊಡುವ ಮುಂಚೆ ಒಮ್ಮೆ ನೋಡಿ, ಮುಲಾಜಿಲ್ಲದೆ ಹೇಳಿ ಎಂದಳು. ಮುಲಾಜು ನನ್ನಲ್ಲಿ ಎಂದೂ ಇದ್ದದ್ದಲ್ಲ. ಭಾನುವಾರ ಬೆಳಿಗ್ಗೆ ಕನ್ನಡಕ ಒರೆಸಿಕೊಂಡು ಕೂತೆ.

ನಾಯಕಿಯ ಹೆಸರು ಗಟ್ಟಿಗಿತ್ತಿ. ಪೆರೇಸಂದ್ರದ ಹೈವೇಯಲ್ಲಿ ಬ್ರೇಕ್ ಫೇಲಾದ ಲಾರಿಯನ್ನು ಒಂಟಿ ಕೈಯಲ್ಲಿ ನಿಲ್ಲಿಸುತ್ತಾಳೆ. ಚೆಲ್ಲಿದ ಟೊಮೆಟೊಗಳು ಪುಟದ ಅಂಚು ದಾಟಿ ನನ್ನ ಪಂಚೆಯ ಮೇಲೇ ಉರುಳಿದಂತಿತ್ತು. ಗೆರೆಯಲ್ಲಿ ಜೀವವಿದೆ ಎಂದೆ. ಖಳನಾಯಕ ಕೆಟ್ಟವನಾದದ್ದಕ್ಕೆ ಕಾರಣವೇ ಇಲ್ಲ ಎಂದೆ. ಸಿಂಧು ಎಲ್ಲಕ್ಕೂ ತಲೆಯಾಡಿಸಿದಳು. ಕೊನೆಯ ಪುಟಕ್ಕೆ ಬಂದಾಗ ನನ್ನೊಳಗಿನ ಮೇಷ್ಟರು ಎದ್ದು ನಿಂತರು. ಅಲ್ಲಿ ಹೊಡೆದಾಟವಿಲ್ಲ, ಮಾತಿಲ್ಲ. ಗಟ್ಟಿಗಿತ್ತಿ ಮನೆಗೆ ಬಂದು, ಹೊಸ್ತಿಲ ಮೇಲೆ ಕೂತು, ಚಪ್ಪಲಿ ಬಿಚ್ಚಿ, ಊದಿದ ಪಾದವನ್ನು ಎರಡೂ ಕೈಯಿಂದ ಒತ್ತಿಕೊಳ್ಳುತ್ತಾಳೆ. ಅಷ್ಟೇ.

"ಇದು ಬೇಡಮ್ಮ. ಲಾರಿ ನಿಲ್ಸಿದೋಳಿಗೆ ಕಾಲು ನೋವಾ? ಯಾರು ನಂಬ್ತಾರೆ?"

ಸಿಂಧು ಹಾಳೆಯನ್ನು ಪಕ್ಕಕ್ಕೆ ಇಟ್ಟಳು. ಮುಖ ಸಣ್ಣದಾಗಿತ್ತು. ಅಲ್ಲೇ ಸೊಪ್ಪು ಬಿಡಿಸುತ್ತಿದ್ದ ನನ್ನ ಹೆಂಡತಿ ಸುಜಾತ ಕೈ ಒರೆಸಿಕೊಂಡು ಬಂದು ಅದನ್ನು ಎತ್ತಿಕೊಂಡಳು. ಮುದ್ದೇನಹಳ್ಳಿಯ ಕಡೆ ಕಾಲೇಜೊಂದರ ಲ್ಯಾಬಿನಲ್ಲಿ ದಿನವಿಡೀ ನಿಂತು ಕೆಲಸ ಮಾಡಿ, ಬಸ್ಸಿನಲ್ಲೂ ನಿಂತೇ ಮನೆಗೆ ಬರುವವಳು ಅವಳು. ಬಹಳ ಹೊತ್ತು ನೋಡಿದಳು.

"ಇದು ನಾನಲ್ವೇನೆ?"

"ಹೂಂ ಕಣಮ್ಮ. ಮೊದಲು ಬರೆದಿದ್ದೇ ಈ ಪುಟ. ಲಾರಿ ಎಲ್ಲ ಆಮೇಲೆ ಬಂದಿದ್ದು," ಎಂದಳು ಸಿಂಧು.

ನಾನು ಹಾಳೆಯನ್ನು ಇಸಿದುಕೊಂಡು ಮತ್ತೆ ನೋಡಿದೆ. ಹೊಸ್ತಿಲು ನಮ್ಮದೇ. ಪಾದ ಒತ್ತಿಕೊಳ್ಳುವಾಗ ಕಣ್ಣುಮುಚ್ಚಿ ತಲೆಯನ್ನು ಬಾಗಿಲಿಗೆ ಆನಿಸುವ ರೀತಿ ಸುಜಾತಳದೇ. ದಿನಾ ಸಂಜೆ ಅದೇ ಹೊಸ್ತಿಲಿನ ಎದುರು ಕುರ್ಚಿ ಹಾಕಿಕೊಂಡು ಕೂರುವ ವಿಮರ್ಶಕನಿಗೆ ಗುರುತು ಹತ್ತಿರಲಿಲ್ಲ. ಆ ಪುಟ ಇರಲಿ ಎಂದೆ, ಆದಷ್ಟು ಸಣ್ಣ ದನಿಯಲ್ಲಿ. ಆಮೇಲೆ, ನೀವಿಬ್ಬರೂ ಕೂತಿರಿ, ಇವತ್ತು ಕಾಫಿ ನಾನು ಮಾಡುತ್ತೇನೆ ಎಂದು ಗತ್ತಿನಿಂದ ಅಡುಗೆಮನೆಗೆ ನಡೆದೆ. ಸಕ್ಕರೆ ಡಬ್ಬ ಎಲ್ಲಿದೆಯೆಂದು ತೋರಿಸಲು ಮಾತ್ರ ಗಟ್ಟಿಗಿತ್ತಿಯೇ ಎದ್ದು ಬರಬೇಕಾಯಿತು.