ಕತರೀನಾಳಿಗೆ ನಾನು ಕೊಟ್ಟ ಮನೆತನ

ಬೇರೆಯವರಿಗೆ ಸಮಾಧಾನ ಹೇಳುವ ಚಟ ನನಗೆ ಚಿಕ್ಕಂದಿನಿಂದಲೂ ಇದೆ. ಇದೊಂದು ಸದ್ಗುಣವೆಂದೇ ನಾನು ಬಹಳ ವರ್ಷ ತಿಳಿದುಕೊಂಡಿದ್ದೆ. ಯಾರಾದರೂ ಮುಖ ಸಪ್ಪಗೆ ಮಾಡಿಕೊಂಡರೆ ಸಾಕು, ಏನಾಯಿತೆಂದು ಕೇಳುವ ಮೊದಲೇ ‘ಏನೂ ಆಗಲ್ಲ ಬಿಡಿ’ ಎಂದಿರುತ್ತೇನೆ. ಒಮ್ಮೆ ಹೊನ್ನಾವರದ ಬಸ್ ನಿಲ್ದಾಣದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಹಿರಿಯರೊಬ್ಬರಿಗೆ ಸಾವು ನೋವಿನ ಬಗ್ಗೆ ಐದು ನಿಮಿಷ ಧೈರ್ಯ ಹೇಳಿದ್ದೆ. ಅವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ತಾವು ಆಸ್ಪತ್ರೆಯಲ್ಲಿ ಕಣ್ಣಿಗೆ ಔಷಧಿ ಬಿಡಿಸಿಕೊಂಡು ಬಂದಿರುವುದಾಗಿ ತಿಳಿಸಿದರು. ಅಲ್ಲಿಗೇ ಬುದ್ಧಿ ಬಂದಿದ್ದರೆ ಮುಂದೆ ಉಪ್ಸಾಲಾದಲ್ಲಿ ಮೂವತ್ತು ಜನರ ಊಟದ ನಡುವೆ ನಾನು ತಲೆ ತಗ್ಗಿಸಿ ಕೂರಬೇಕಾಗುತ್ತಿರಲಿಲ್ಲ.

ಸ್ವೀಡನ್ನಿನ ಉಪ್ಸಾಲಾದಲ್ಲಿ ನಾನು ಔಷಧ ಕಂಪನಿಯೊಂದರ ಲ್ಯಾಬಿನಲ್ಲಿದ್ದೆ. ಇಪ್ಪತ್ತೊಂದನೆಯ ಶತಮಾನ ಆಗಷ್ಟೇ ಶುರುವಾಗಿದ್ದ ದಿನಗಳು. ನಾನೂ ನನ್ನ ಹೆಂಡತಿ ವಸುಧಾಳೂ ಇಂಗ್ರಿಡ್ ಎಂಬ ನಿವೃತ್ತ ಶಿಕ್ಷಕಿಯ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಇಂಗ್ರಿಡ್ ಅವರಿಗೆ ಎಪ್ಪತ್ತು ದಾಟಿತ್ತು. ಹಿಮ ಬಿದ್ದ ದಿನವೂ ಸೈಕಲ್ಲಿನಲ್ಲೇ ಗ್ರಂಥಾಲಯಕ್ಕೆ ಹೋಗಿಬರುತ್ತಿದ್ದರು. ಇಪ್ಪತ್ತೊಂಬತ್ತರ ನಾನು ಅದೇ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತ ನಿಂತಿರುವಾಗ ಅವರು ಗಂಟೆ ಬಾರಿಸಿ ಮುಂದೆ ಹೋಗುತ್ತಿದ್ದರು. ಅವರ ಹುಚ್ಚೆಂದರೆ ವಂಶವೃಕ್ಷ. ಆ ದೇಶದಲ್ಲಿ ಇದು ಅನೇಕ ನಿವೃತ್ತರಿಗೆ ಇರುವ ಹುಚ್ಚು, ಅದಕ್ಕೆ ಕಾರಣವೂ ಇದೆ. ಅಲ್ಲಿನ ಪಾದ್ರಿಗಳು ಹಿಂದೆ ಮನೆಮನೆಗೆ ಹೋಗಿ ಯಾರು ಹುಟ್ಟಿದರು, ಯಾರು ಸತ್ತರು ಎನ್ನುವುದರ ಜೊತೆಗೆ ಯಾರಿಗೆ ಧರ್ಮಗ್ರಂಥ ಸರಿಯಾಗಿ ಓದಲು ಬರುವುದಿಲ್ಲ ಎಂಬುದನ್ನೂ ಬರೆದಿಟ್ಟಿದ್ದಾರೆ. ಹೀಗಾಗಿ ಇಂಗ್ರಿಡ್ ಅವರ ಅಪ್ಪನ ಕಡೆಯ ಹತ್ತು ತಲೆಮಾರು ಒಂದೇ ಚಳಿಗಾಲದಲ್ಲಿ ಸಿಕ್ಕಿಬಿಟ್ಟಿತು.

ಕಷ್ಟವಾಗಿದ್ದು ಅಮ್ಮನ ಕಡೆಯದು. ಅವರ ಅಮ್ಮ ಆಫ್ರಿಕಾದ ದಕ್ಷಿಣ ತುದಿಯ ಕೇಪ್ ಪ್ರಾಂತ್ಯದವರು. ಸ್ವೀಡಿಶ್ ನಾವಿಕನೊಬ್ಬನನ್ನು ಮದುವೆಯಾಗಿ ಉತ್ತರಕ್ಕೆ ಬಂದವರು. ಡಚ್ಚರು ಅಲ್ಲಿ ವಸಾಹತು ಹೂಡಿದ ಮೊದಮೊದಲ ವರ್ಷಗಳಲ್ಲೇ ಹೋಗಿ ನೆಲೆಸಿದ ಕುಟುಂಬವಂತೆ. ಮೂಲಪುರುಷ ಹಡಗಿನ ಬಡಗಿ. ಅವನ ಹೆಂಡತಿ ಕತರೀನಾ ಹಾಲೆಂಡಿನ ಪಾದ್ರಿಯೊಬ್ಬರ ಮಗಳು ಎಂದು ಮನೆಯವರೆಲ್ಲ ನಂಬಿದ್ದರು. ಇಂಗ್ರಿಡ್‌ಗೆ ಡಚ್ ಓದಲು ಬರುತ್ತಿತ್ತು, ಕಂಪ್ಯೂಟರ್ ಬರುತ್ತಿರಲಿಲ್ಲ. ನನಗೆ ಕಂಪ್ಯೂಟರ್ ಬರುತ್ತಿತ್ತು. ಶನಿವಾರ ಮಧ್ಯಾಹ್ನ ಅವರ ಅಡುಗೆಮನೆಯಲ್ಲಿ ಕಾಫಿ, ದಾಲ್ಚಿನ್ನಿ ಬನ್ನು, ಕೇಪಿನಿಂದ ಸಿಡಿಯಲ್ಲಿ ಬಂದ ಹಳೆಯ ಚರ್ಚ್ ದಾಖಲೆಗಳ ಚಿತ್ರಗಳು. ನಾನು ಚಿತ್ರವನ್ನು ದೊಡ್ಡದು ಮಾಡುವುದು, ಅವರು ಭೂತಗನ್ನಡಿ ಹಿಡಿದು ಓದುವುದು.

ಒಂದು ಶನಿವಾರ ಕತರೀನಾ ಸಿಕ್ಕಳು. ಪಾದ್ರಿಯ ಮಗಳಾಗಿ ಅಲ್ಲ. ‘ಕತರೀನಾ, ಮಲಬಾರಿನವಳು, ಬಿಡುಗಡೆಯಾದ ದಾಸಿ’ ಎಂದು ದೀಕ್ಷಾಸ್ನಾನದ ಪುಸ್ತಕದಲ್ಲಿ ಒಂದೇ ಸಾಲು ಇತ್ತು. ಹಡಗಿನಲ್ಲಿ ಕೊಂಡೊಯ್ದು ಮಾರಿದ ಹೆಣ್ಣು.

ಇಂಗ್ರಿಡ್ ಭೂತಗನ್ನಡಿ ಕೆಳಗಿಟ್ಟು ನನ್ನ ಕಡೆ ತಿರುಗಿದರು. ಆಮೇಲೆ ಕೇಳಿದರು, “ಮಲಬಾರ್ ಅಂದರೆ ನಿನ್ನ ಊರಿನ ಕಡೆಯೇ?”

“ಅದು ನಮ್ಮಿಂದ ಸ್ವಲ್ಪ ಕೆಳಗೆ. ಆದರೆ ಆಗಿನ ಡಚ್ಚರಿಗೆ ಇಡೀ ಕರಾವಳಿಯೇ ಮಲಬಾರ್ ಆಗಿದ್ದಿರಬಹುದು.”

“ಹಾಗಾದರೆ ಇವಳು ನಿಮ್ಮವಳೂ ಆಗಿರಬಹುದು,” ಎಂದರು. ಅವರ ಕಣ್ಣಲ್ಲಿ ನೀರಿತ್ತು.

ನನ್ನ ಚಟ ಎದ್ದು ಕೂತಿತು. “ಬೇಜಾರು ಮಾಡಿಕೊಳ್ಳಬೇಡಿ, ಅವಳು ಒಳ್ಳೆಯ ಮನೆತನದ ಹುಡುಗಿಯೇ ಇರಬೇಕು,” ಎಂದೆ. ಅವರು ಬೇಜಾರು ಮಾಡಿಕೊಂಡಿರಲೇ ಇಲ್ಲ. ಮುನ್ನೂರು ವರ್ಷದ ಹಿಂದಿನ ಅಜ್ಜಿ ಸಿಕ್ಕ ಸಂತೋಷಕ್ಕೆ ಕಣ್ಣು ತುಂಬಿತ್ತು ಅಷ್ಟೆ. ಅದು ತಿಳಿಯುವಷ್ಟರಲ್ಲಿ ನಾನು ಬಹಳ ದೂರ ಹೋಗಿಯಾಗಿತ್ತು. ನಮ್ಮ ಕಡೆ ಓದುಬರಹ ಬಲ್ಲ, ಆಸ್ತಿವಂತ ಮನೆತನಗಳಿದ್ದವು. ಯುದ್ಧಕಾಲದಲ್ಲಿ ಅಂಥ ಮನೆಯ ಹುಡುಗಿಯರನ್ನೂ ಹೊತ್ತೊಯ್ದದ್ದುಂಟು. ಡಚ್ ಹಡಗಿನ ಬಡಗಿ ಮೆಚ್ಚಿ ಮದುವೆಯಾಗಬೇಕಾದರೆ ಇವಳು ಸಾಮಾನ್ಯಳಲ್ಲ ಎಂದೆಲ್ಲ ಹೇಳಿದೆ. ಲ್ಯಾಬಿನಲ್ಲಿ ಎರಡು ಸಲ ಅಳೆಯದೆ ಒಂದು ದಶಮಾಂಶವನ್ನೂ ಬರೆಯದ ನಾನು, ಒಂದು ಸಾಲಿನ ದಾಖಲೆಯ ಮೇಲೆ ತೊಟ್ಟಿಮನೆ ಕಟ್ಟಿಸಿ, ಬಾವಿ ತೋಡಿಸಿ, ತುಳಸಿಕಟ್ಟೆಗೆ ದೀಪವನ್ನೂ ಇಡಿಸಿದೆ. ಬಾಯಿಬಿಟ್ಟು ಜಾತಿ ಹೇಳಲಿಲ್ಲ. ಆದರೆ ನಾನು ಕಟ್ಟಿದ ಆ ಮನೆ ನಮ್ಮ ಅಜ್ಜನ ಮನೆಯ ಹಾಗೆಯೇ ಇತ್ತು. ಇಂಗ್ರಿಡ್ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಮಹಡಿಗೆ ಬಂದು ವಸುಧಾಳಿಗೆ ಹೇಳಿದೆ.

“ರೀ, ಅವ್ರು ಕೇಳಿದ್ದು ನಿಮ್ಮೂರ್ ಕಡೆನಾ ಅಂತ ತಾನೆ? ಮನೆತನದ್ ವಿಷ್ಯ ಯಾಕ್ ತೆಗೆದ್ರಿ?”

“ಪಾಪ, ದಾಸಿ ಅಂತ ಗೊತ್ತಾಗಿ ಅವ್ರಿಗೆ ಶಾಕ್ ಆಗಿರುತ್ತೆ ಅಂತ.”

“ಶಾಕ್ ಆಗಿದ್ದು ಅವ್ರಿಗೋ ನಿಮಗೋ?” ಎಂದು ಅವಳು ಬಟ್ಟೆ ಮಡಚಲು ಹೋದಳು. ನಾನು ಟಿವಿ ಹಾಕಿದೆ.

ಜೂನ್ ತಿಂಗಳಲ್ಲಿ ಇಂಗ್ರಿಡ್ ತಮ್ಮ ತೋಟದಲ್ಲಿ ಅಮ್ಮನ ಕಡೆಯ ನೆಂಟರನ್ನೆಲ್ಲ ಸೇರಿಸಿದರು. ಮೂವತ್ತು ಜನ. ಪ್ರತಿ ತಟ್ಟೆಯ ಪಕ್ಕದಲ್ಲಿ ವಂಶದ ಕಥೆ ಅಚ್ಚಾದ ಚಿಕ್ಕ ಪುಸ್ತಕ. ನಾಲ್ಕನೆಯ ಪುಟದಲ್ಲಿ, ‘ಭಾರತದ ಕರಾವಳಿಯವರೇ ಆದ ವಿಜ್ಞಾನಿಯೊಬ್ಬರ ಪ್ರಕಾರ ಕತರೀನಾ ಪ್ರತಿಷ್ಠಿತ ಮನೆತನದ ಮಗಳು’ ಎಂದಿತ್ತು. ಕೆಳಗೆ ನನ್ನ ಹೆಸರು. ಅದನ್ನು ಕಂಡಾಗ ನನಗೆ ನಾಚಿಕೆಯಾಯಿತು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಆದರೆ ಆ ಕ್ಷಣ ಆದದ್ದು ಹೆಮ್ಮೆ. ನನ್ನ ಪ್ರತಿಯನ್ನು ಎಂಜಲಾಗದ ಹಾಗೆ ಜೋಪಾನವಾಗಿ ಎತ್ತಿಟ್ಟೆ.

ನನ್ನ ಎದುರು ಕೂತಿದ್ದವರು ಮ್ಯಾಗ್ಡಾ. ಕೇಪಿನಿಂದಲೇ ಬಂದಿದ್ದ ನಿವೃತ್ತ ನರ್ಸ್, ಕತರೀನಾಳ ಇನ್ನೊಬ್ಬ ಮಗನ ವಂಶದವರು. ನಮ್ಮದೇ ಮೈಬಣ್ಣ. ಸೀರೆ ಉಡಿಸಿ ಕುಮಟಾದ ಪೇಟೆಯಲ್ಲಿ ನಿಲ್ಲಿಸಿದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಅವರು ನಾಲ್ಕನೆಯ ಪುಟ ಓದಿ ಕನ್ನಡಕ ತೆಗೆದರು.

“ಚರ್ಚಿನ ಪುಸ್ತಕದಲ್ಲಿ ಇರೋದು ಒಂದೇ ಸಾಲು. ಮನೆತನ ಹೇಗೆ ಗೊತ್ತಾಯಿತು?”

“ಊಹೆ,” ಎಂದೆ.

“ನನ್ನ ಅಮ್ಮನೂ ಹೀಗೇ ಹೇಳುತ್ತಿದ್ದಳು. ಕತರೀನಾ ರಾಜಕುಮಾರಿ, ಅಂತ. ಆಗ ನಮ್ಮಲ್ಲಿ ಚರ್ಮದ ಬಣ್ಣ ನೋಡಿ ಯಾರು ಯಾವ ಬೀದಿಯಲ್ಲಿರಬೇಕು ಅಂತ ಸರ್ಕಾರವೇ ಹೇಳುತ್ತಿತ್ತು. ನಮ್ಮನ್ನು ಒಂದು ಮನೆಯಿಂದ ಎಬ್ಬಿಸಿಯೂ ಆಗಿತ್ತು. ಅಮ್ಮ ಹೆದರಿಕೊಂಡು ಸುಳ್ಳು ಹೇಳುತ್ತಿದ್ದಳು.” ಸ್ವಲ್ಪವೂ ಸಿಟ್ಟಿಲ್ಲದೆ ನನ್ನನ್ನು ನೋಡಿದರು. “ನಿನಗೆ ಯಾವುದರ ಹೆದರಿಕೆ ಇತ್ತು?”

ನಾನು ಹೆರಿಂಗ್ ಮೀನಿನ ಪಕ್ಕದ ಆಲೂಗೆಡ್ಡೆಯನ್ನು ಬಹಳ ಹೊತ್ತು ನೋಡಿದೆ. ನನಗೆ ಯಾರ ಹೆದರಿಕೆಯೂ ಇರಲಿಲ್ಲ. ಮಾರಾಟವಾದ ಹೆಣ್ಣೊಬ್ಬಳು ನಮ್ಮ ಕಡೆಯವಳು ಎಂದಾಗ, ಅವಳನ್ನು ಪಂಕ್ತಿಯಲ್ಲಿ ಕೂರಿಸುವ ಮೊದಲು ಯಾವ ಮನೆಯವಳೆಂದು ವಿಚಾರಿಸಿದ್ದೆ, ಅಷ್ಟೆ. ಹಡಗು ಹತ್ತುವಾಗ ಅವಳಿಗೆ ಎಷ್ಟು ವಯಸ್ಸು, ಯಾರ ಕೈಯಿಂದ ಅವಳನ್ನು ಬಿಡಿಸಿ ಒಯ್ದರು ಎಂದು ಒಂದು ನಿಮಿಷವೂ ಯೋಚಿಸಿರಲಿಲ್ಲ.

ಎದ್ದು ಹೋಗಿ ಇಂಗ್ರಿಡ್‌ಗೆ ನಿಜ ಹೇಳಿದೆ. ಆ ವಾಕ್ಯಕ್ಕೆ ಯಾವ ಆಧಾರವೂ ಇಲ್ಲ, ನಾನೇ ಕಟ್ಟಿದ್ದು ಎಂದೆ. ಅವರು ಶಿಕ್ಷಕಿ, ಬೈಯಲಿಲ್ಲ. ಒಳಗಿನಿಂದ ಒಂದು ಕಪ್ಪು ಪೆನ್ನು ತಂದು ಕೈಗೆ ಕೊಟ್ಟರು. “ಎಲ್ಲ ಪ್ರತಿಗಳಲ್ಲೂ,” ಎಂದರು.

ಹೀಗೆ ಎಲ್ಲರೂ ಸ್ಟ್ರಾಬೆರಿ ಕೇಕ್ ತಿನ್ನುತ್ತಿರುವಾಗ ನಾನು ಮೇಜಿನಿಂದ ಮೇಜಿಗೆ ಹೋಗಿ, ಕ್ಷಮೆ ಕೇಳಿ, ಪುಸ್ತಕ ಇಸಿದುಕೊಂಡು, ನನ್ನ ವಾಕ್ಯವನ್ನು ನಾನೇ ಹೊಡೆದುಹಾಕಿದೆ. ಕೆಲವರು ಹಸ್ತಾಕ್ಷರ ಹಾಕುತ್ತಿದ್ದೇನೆಂದು ತಿಳಿದು ಮೊದಲ ಪುಟ ತೆರೆದುಕೊಟ್ಟರು. ಅವರಿಗೆ ವಿಷಯ ವಿವರಿಸುವುದು ಎಲ್ಲಕ್ಕಿಂತ ಕಷ್ಟವಾಯಿತು. ವಸುಧಾ ದೂರದಿಂದ ನೋಡುತ್ತಿದ್ದವಳು ಕೊನೆಗೆ ಪಾಪವೆನಿಸಿ ಬಂದು ಪುಟ ತಿರುಗಿಸಿಕೊಟ್ಟಳು. ಮ್ಯಾಗ್ಡಾ ತಮ್ಮ ಪ್ರತಿಯನ್ನು ಕೊಡುತ್ತ, “ನನ್ನ ಅಮ್ಮನ ಸುಳ್ಳನ್ನೂ ಸೇರಿಸಿ ಹೊಡೆದುಬಿಡು,” ಎಂದು ನಕ್ಕರು. ಆ ನಗು ಕಂಡು ನನಗೆ ಇನ್ನಷ್ಟು ಅವಮಾನವಾಯಿತು.

ಇಷ್ಟಾದ ಮೇಲೆ ನಾನು ಬದಲಾದೆ ಎಂದು ನೀವು ಭಾವಿಸಬಹುದು. ಮುಂದಿನ ಶನಿವಾರ ಇಂಗ್ರಿಡ್ ಎಂದಿನಂತೆ ಕಾಫಿಗೆ ಕರೆದು, ವಂಶವೃಕ್ಷದ ಖಾಲಿ ಹಾಳೆಯೊಂದನ್ನು ನನ್ನ ಮುಂದಿಟ್ಟರು. “ಈಗ ನಿನ್ನದು ತುಂಬೋಣ.” ನಾನು ಉತ್ಸಾಹದಿಂದ ಅಪ್ಪ, ಅಜ್ಜ, ಮುತ್ತಜ್ಜ, ಅವರಪ್ಪ ಎಂದು ಏಳು ತಲೆಮಾರಿನ ಗಂಡಸರನ್ನು ಹತ್ತು ನಿಮಿಷದಲ್ಲಿ ಬರೆದುಬಿಟ್ಟೆ. ಹಾಳೆಯಲ್ಲಿ ಹೆಂಗಸರ ಹೆಸರಿಗಿದ್ದ ಮನೆಗಳಲ್ಲಿ ಅಮ್ಮ ಮತ್ತು ಅಜ್ಜಿ ಮಾತ್ರ ಇದ್ದರು. ಅಜ್ಜಿಯದೂ ಮದುವೆಯಲ್ಲಿ ಇಟ್ಟ ಹೆಸರು. ಹುಟ್ಟಿದ ಹೆಸರು ನನಗೆ ಗೊತ್ತಿರಲಿಲ್ಲ. ಅದರ ಮೇಲೆಲ್ಲ ಖಾಲಿ.

ಇಂಗ್ರಿಡ್ ಭೂತಗನ್ನಡಿಯಿಂದ ಆ ಖಾಲಿ ಮನೆಗಳನ್ನು ನೋಡಿದರು. “ಇವರ ಹೆಸರುಗಳು?” ಎಂದು ಕೇಳಿದರು. ಅವರ ಮುಖ ಸ್ವಲ್ಪ ಸಪ್ಪಗಾದ ಹಾಗೆ ಕಂಡಿತು.

“ಬೇಜಾರು ಮಾಡಿಕೊಳ್ಳಬೇಡಿ,” ಎಂದೆ. “ಎಲ್ಲವನ್ನೂ ಬರೆದಿಟ್ಟಿದ್ದರು. ಮಳೆಗೆ ಹಾಳಾಯಿತು.”

ಅವರು ಅದೇ ಕಪ್ಪು ಪೆನ್ನಿಗಾಗಿ ಮೇಜಿನ ಖಾನೆ ಎಳೆದರು.