ಉಸಿರಾಗಿ ಹೋದ ಹನ್ನೆರಡು ಕಿಲೋ

ನನ್ನ ದೇಹದ ಬಗ್ಗೆ ನನಗೆ ಇಂದಿಗೂ ಒಂಥರಾ ಭಯಭಕ್ತಿ. ಅದರ ಅಂದದ ಬಗ್ಗೆ ಅಲ್ಲ. ಆ ವಿಷಯದಲ್ಲಿ ಕನ್ನಡಿಯೂ ನಾನೂ ಎಂದೋ ರಾಜಿಯಾಗಿದ್ದೇವೆ. ನನ್ನ ಬೆರಗೆಲ್ಲ ಅದರ ಒಳಾಡಳಿತದ ಬಗ್ಗೆ. ಐವತ್ತೆಂಟು ಕಿಲೋ ಇದ್ದ ಹೆಂಗಸೊಬ್ಬಳು ನಲವತ್ತಾರಕ್ಕೆ ಇಳಿಯುತ್ತಾಳೆ. ಹಾಗಾದರೆ ಆ ಹನ್ನೆರಡು ಕಿಲೋ ಎಲ್ಲಿಗೆ ಹೋಯಿತು? ಮನೆಯಲ್ಲಿ ಒಂದು ಚಮಚ ಕಳೆದರೆ ಮೂರು ದಿನ ಹುಡುಕುವ ನಾವು, ನಮ್ಮದೇ ಮೈಯಿಂದ ಇಷ್ಟು ಕಳೆದದ್ದನ್ನು ಒಮ್ಮೆಯೂ ಹುಡುಕುವುದಿಲ್ಲ. ಹಾನೆಸ್ಟ್ಲಿ, ನಾನು ಹುಡುಕಿದೆ.

ಅರವತ್ತರ ದಶಕದ ಮೊದಲ ವರ್ಷಗಳ ಮಾತು. ಧಾರವಾಡದ ಕಾನ್ವೆಂಟಿನಲ್ಲಿ ಓದಿ, ಸಿರ್ಸಿ ಪೇಟೆಯ ಕಿರಾಣಿ ವ್ಯಾಪಾರಸ್ಥರ ಮನೆಗೆ ಸೊಸೆಯಾಗಿ ಬಂದಿದ್ದೆ. ಬಂದ ವರ್ಷವೇ ಟೈಫಾಯ್ಡ್ ಆಯಿತು. ಗೋಡೆಗೆ ಒರಗಿಸಿದರೆ ಜಾರಿ ಬೀಳುವಷ್ಟು ಸೊರಗಿದ್ದೆ. ಆಗ ಅತ್ತೆ ಹರಕೆ ಹೊತ್ತರು: ಸೊಸೆ ಉಳಿದರೆ ಅವಳ ತೂಕದಷ್ಟು ಬೆಲ್ಲದಲ್ಲಿ ತುಲಾಭಾರ. ಅದೂ ಕೊಂಡು ತಂದ ಬೆಲ್ಲವಲ್ಲ, ಬನವಾಸಿ ಕಡೆಯ ತವರಿನಲ್ಲಿ ಅವರದೇ ಪಾಲಿಗೆ ಬಂದ ತುಂಡು ಗದ್ದೆಯ ಕಬ್ಬಿನದು. ಆ ಸಲದ ಗಾಣದಲ್ಲಿ ಹರಕೆಗೆಂದು ನಾಲ್ಕು ಪೆಂಟೆ, ಎಂದರೆ ನಾಲ್ಕು ದೊಡ್ಡ ಬೆಲ್ಲದ ಗಟ್ಟಿ, ಎತ್ತಿ ಅಟ್ಟಕ್ಕಿಟ್ಟರು. ಒಟ್ಟು ನಲವತ್ತಾರು ಕಿಲೋ. "ಗುಬ್ಬಿಯಂಗದಾಳ, ಇಷ್ಟು ಸಾಕು ಬಿಡ್ರಿ" ಎಂದರಂತೆ.

ಆಮೇಲೆ ಗುಬ್ಬಿಗೆ ತುಪ್ಪ ಉಣ್ಣಿಸಿದವರೂ ಅವರೇ. ಒಂದು ಭಾನುವಾರ ಅಂಗಡಿ ಮುಚ್ಚಿದ ಮೇಲೆ ನಮ್ಮ ಯಜಮಾನರು ತಮಾಷೆಗೆಂದು ನನ್ನನ್ನು ಅಕ್ಕಿಮೂಟೆ ತೂಗುವ ದೊಡ್ಡ ತಕ್ಕಡಿಯಲ್ಲಿ ಕೂರಿಸಿದರು. ಆಗಷ್ಟೇ ಮಣ ಹೋಗಿ ಕಿಲೋದ ಕಲ್ಲುಗಳು ಬಂದಿದ್ದವು. ಹೊಸ ಕಲ್ಲುಗಳೆಲ್ಲ ಮುಗಿಯುತ್ತ ಬಂದರೂ ನಾನು ಮೇಲೇಳಲಿಲ್ಲ. ಐವತ್ತೆಂಟು! ತುಲಾಭಾರ ಶ್ರಾವಣದಲ್ಲಿ, ಇನ್ನು ಐದೇ ತಿಂಗಳು. ಇಡೀ ಕೇರಿಯೆದುರು ಬೆಲ್ಲ ಸಾಲದೆ ತಟ್ಟೆ ಮೇಲೆಯೇ ನಿಂತರೆ? ಹರಕೆ ತಪ್ಪಿದರೆ ಜ್ವರ ತಿರುಗಿ ಬರುತ್ತದೆಂದು ಅತ್ತೆ ನಿಜಕ್ಕೂ ನಂಬಿದ್ದರು. ಅವರಿಗೆ ಹೇಳದೆ ನಾನೇ ಇಳಿಯುವುದೆಂದು ನಿಶ್ಚಯಿಸಿದೆ.

ಕಾನ್ವೆಂಟಿನ ಡೊಮೆಸ್ಟಿಕ್ ಸೈನ್ಸ್ ನೋಟ್‌ಬುಕ್ ಟ್ರಂಕಿನ ತಳದಿಂದ ಹೊರಬಂತು. "ಮೈ ಡಿಯರ್, ನಮ್ಮ ಮೈಯೊಂದು ಒಲೆ; ಕ್ಯಾಲೊರಿ ಎಂದರೆ ಅದರ ಕಾವಿನ ಅಳತೆ" ಎಂದು ಸಿಸ್ಟರ್ ಹೇಳಿಕೊಟ್ಟಿದ್ದರು. ಒಂದು ಪೌಂಡ್ ಕೊಬ್ಬು ಕರಗಲು ಮೂರೂವರೆ ಸಾವಿರ ಕ್ಯಾಲೊರಿ. ಹನ್ನೆರಡು ಕಿಲೋ ಎಂದರೆ ತೊಂಬತ್ತು ಸಾವಿರ ದಾಟಿತು! ಒಂದು ಮೈಲಿ ನಡೆದರೆ ನೂರೂ ಖರ್ಚಾಗದು. ಬಾಂಬೆಗೆ ನಡೆದು ಹೋಗಿ ಬಂದರೂ ಸಾಲದು. ಆದರೆ ಅದೇ ಪುಟದ ಕೆಳಗೆ ಒಂದು ಸಮಾಧಾನವಿತ್ತು. ಸುಮ್ಮನೆ ಮಲಗಿದ್ದರೂ ಒಲೆ ಆರುವುದಿಲ್ಲ. ಎದೆ ಬಡಿಯಲು, ಮೈ ಬೆಚ್ಚಗಿರಲು ಸೌದೆ ಉರಿಯುತ್ತಲೇ ಇರುತ್ತದೆ. ಅದೇ ಮೆಟಬಾಲಿಸಂ. ನಾನು ನಿದ್ದೆಯಲ್ಲೂ ದುಡಿಯುವವಳು ಎಂದು ತಿಳಿದ ದಿನ ಯಜಮಾನರಿಗೆ ಕೂಡಲೇ ತಿಳಿಸಿದೆ. ಅವರಿಗೇನೂ ಅಷ್ಟು ಆಶ್ಚರ್ಯವಾದಂತೆ ಕಾಣಲಿಲ್ಲ.

ಮೂರು ರೊಟ್ಟಿಯಿಂದ ಒಂದಕ್ಕೆ ಇಳಿದೆ. ಅತ್ತೆ ನನ್ನ ಕುತ್ತಿಗೆ ಮುಟ್ಟಿ ನೋಡಿದರು.

"ಯಾಕವಾ, ಮತ್ತ ಜ್ವರ ಬಂದಾವೇನು?"

"ಅಕಿ ಇಂಗ್ಲಿಷ್ ಉಪಾಸ ಹಿಡಿದಾಳ ಬೇ" ಎಂದರು ಯಜಮಾನರು.

"ಯಾವ ದೇವರಿಗಪಾ ಅದು?"

ಮೂರು ತಿಂಗಳಲ್ಲಿ ಎಂಟು ಕಿಲೋ ಹೋಯಿತು. ಆಮೇಲೆ ತಕ್ಕಡಿ ಅಲುಗಲೊಲ್ಲದು. ಟೈಫಾಯ್ಡಿಗೆ ಔಷಧಿ ಕೊಟ್ಟಿದ್ದ ಡಾಕ್ಟರ ಬಳಿ ಓಡಿದೆ. ಅವರು ನಕ್ಕು, "ಅಕ್ಕಿಡಬ್ಬಿಯ ತಳ ಕಂಡರೆ ನೀವು ಎಂತ ಮಾಡ್ತೀರಿ? ಕೈ ಬಿಗಿ ಹಿಡೀತೀರಲ್ಲ? ನಿಮ್ಮ ಮೈಯೂ ಅದನ್ನೇ ಮಾಡ್ತಾ ಇದೆ" ಎಂದರು. ನನ್ನೊಳಗೆ ನನಗಿಂತ ಜಾಣ ಗೃಹಿಣಿಯೊಬ್ಬಳಿದ್ದಾಳೆಂದು ಆಗಲೇ ತಿಳಿದದ್ದು.

"ಹೋದ ಎಂಟು ಕಿಲೋ ಎಲ್ಲಿ ಹೋಯಿತು ಡಾಕ್ಟರೇ, ಬೆವರಿನಲ್ಲಾ?"

"ಎಂತ ಬೆವರು ಮಾರಾಯ್ತಿ! ಸ್ವಲ್ಪ ನೀರಾಗಿ ಹೋಯ್ತು. ಬಾಕಿ ಮುಕ್ಕಾಲು ಪಾಲು ಮೂಗಿನಿಂದಲೇ ಹೋಯ್ತು. ಕೊಬ್ಬು ಉರಿದರೆ ಕಾರ್ಬನ್ ಡೈಆಕ್ಸೈಡ್, ಅದನ್ನು ಉಸಿರಾಗಿ ಬಿಟ್ಟಿರಿ."

ಮನೆಗೆ ನಡೆದುಬರುವಾಗ ಪ್ರತಿ ಉಸಿರನ್ನೂ ಗೌರವದಿಂದ ಬಿಟ್ಟೆ. ಸಿರ್ಸಿಯ ಗಾಳಿಯಲ್ಲಿ ಎಂಟು ಕಿಲೋ ನಾನು ತೇಲುತ್ತಿದ್ದೆ! ಯಾರಿಗೂ ಗೊತ್ತಿರಲಿಲ್ಲ, ಕಾಣುತ್ತಲೂ ಇರಲಿಲ್ಲ.

ಹೇಗೋ ಶ್ರಾವಣದ ಹೊತ್ತಿಗೆ ಸರಿಯಾಗಿ ನಲವತ್ತಾರು. ಗೆದ್ದೆ ಎಂದುಕೊಂಡು ಗುಡಿಗೆ ಹೋದೆ. ಅಲ್ಲಿಯ ಪದ್ಧತಿ ಎಂದರೆ ಬಾವಿಕಟ್ಟೆಯಲ್ಲಿ ಮಿಂದು ಒದ್ದೆ ಸೀರೆಯಲ್ಲೇ ತಟ್ಟೆಯಲ್ಲಿ ಕೂರಬೇಕು. ತೊಂಬತ್ತು ಸಾವಿರ ಕ್ಯಾಲೊರಿ ಲೆಕ್ಕ ಹಾಕಿದ ಜಾಣೆ, ನೀರು ಕುಡಿದ ಇಳಕಲ್ ಸೀರೆಯೊಂದನ್ನು ಮರೆತಿದ್ದೆ. ನಾಲ್ಕೂ ಪೆಂಟೆ ಇಟ್ಟರು. ಬೆಲ್ಲದ ತಟ್ಟೆ ಮೇಲೆ, ನಾನು ಕೆಳಗೆ. ಡಾಕ್ಟರ ಮಾತು ನೆನಪಾಗಿ ಇದ್ದಬದ್ದ ಉಸಿರನ್ನೆಲ್ಲ ಹೊರಗೆ ಬಿಟ್ಟೆ. ತಕ್ಕಡಿಗೆ ಸೈನ್ಸ್ ಬಂದಂತಿರಲಿಲ್ಲ. ಜನ ಗುಸುಗುಟ್ಟತೊಡಗಿದರು.

ಆಗ ಅತ್ತೆ ಮುಂದೆ ಬಂದು ಮಡಿಲಿನಿಂದ ಒಂದು ಬಟ್ಟೆಗಂಟು ತೆಗೆದು ತಟ್ಟೆಗಿಟ್ಟರು. ತಕ್ಕಡಿ ತೂಗಿ, ತೂಗಿ, ಸಮನಾಗಿ ನಿಂತಿತು. ಗಂಟಿನಲ್ಲಿದ್ದದ್ದು ಬೆಲ್ಲದ ಸಣ್ಣ ಸಣ್ಣ ಚೂರುಗಳು. ಅದೇ ಗದ್ದೆಯ ಬೆಲ್ಲ, ಐದು ತಿಂಗಳಿಂದ ಅವರು ತಿನ್ನದೆ ಉಳಿಸಿದ್ದ ಅವರ ಚಹಾದ್ದು, ಅವರ ರೊಟ್ಟಿಯ ಜೊತೆಗಿನದು.

"ನಿನಗ ಉಣ್ಣಿಸಿದಾಕಿ ನಾನು. ನಿನ್ನ ತೂಕ ನನಗ ಗೊತ್ತಿಲ್ಲೇನು?" ಎಂದರು ಕೆಳದನಿಯಲ್ಲಿ. "ಬೆಲ್ಲ ಕೂಡಸೂದು ನನ್ನ ಕೆಲಸ. ನಿನಗ್ಯಾರು ಕರಗಂತ ಹೇಳಿದ್ರು?"

ಆಗ ನೋಡಿದೆ. ಅವರ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಒಂದೇ ಅಡುಗೆಮನೆಯಲ್ಲಿ ಇಬ್ಬರು ಹೆಂಗಸರು ಒಬ್ಬರಿಗೊಬ್ಬರು ತಿಳಿಯದಂತೆ ಕರಗಿದ್ದೆವು. ನಾನು ನೋಟ್‌ಬುಕ್ ನೋಡಿ ಕರಗಿದೆ. ಅವರು ನನ್ನನ್ನು ನೋಡಿ.

ಪ್ರಸಾದದ ಬೆಲ್ಲವನ್ನು ಅಂದು ಅವರೇ ನನ್ನ ಬಾಯಿಗಿಟ್ಟರು. ಮುಂದಿನ ಗಾಣದ ಹೊತ್ತಿಗೆ ನಾನು ಐವತ್ತೆಂಟಕ್ಕೆ ಮರಳಿದ್ದೆ, ಜೊತೆಗೆ ಎರಡು ಕಿಲೋ ಬಡ್ಡಿ. ಅದಕ್ಕೂ ಸೈನ್ಸಿನಲ್ಲಿ ಕಾರಣವಿದೆ. ನಾವು ಬಿಟ್ಟ ಗಾಳಿಯನ್ನೇ ಗಿಡಗಳು ಹೀರಿ ಸಿಹಿ ಮಾಡಿಕೊಳ್ಳುತ್ತವೆಂದು ಸಿಸ್ಟರ್ ಕಲಿಸಿದ್ದರು. ಅತ್ತೆಯ ಗದ್ದೆ ಏನು ದೂರವೇ? ನಾನು ಉಸಿರಾಗಿ ಹೋಗಿ ಕಬ್ಬಾಗಿ ನಿಂತು ಬೆಲ್ಲವಾಗಿ ಮನೆಗೆ ಬಂದೆ.

ಈಗ ಮೊಮ್ಮಗಳು ಬೆಲ್ಲದ ಡಬ್ಬಿಯನ್ನು ಮೇಲಿನ ಕಪಾಟಿನಲ್ಲಿ ಬಚ್ಚಿಡುತ್ತಾಳೆ. ಸ್ಟೂಲ್ ಹತ್ತಿದಾಗ ಸಿಕ್ಕಿಬಿದ್ದರೆ, "ಅಜ್ಜೀ, ನಿನ್ನ ಶುಗರ್!" ಎಂದು ಕೂಗುತ್ತಾಳೆ.

"ಹೌದು ಮಗಾ, ನನ್ನದೇ" ಎನ್ನುತ್ತೇನೆ. "ಬಿಟ್ಟುಕೊಟ್ಟದ್ದನ್ನು ವಾಪಸ್ ತಗೊಳ್ತಾ ಇದ್ದೇನೆ."