ಓಟಿಪಿ ಪ್ರಾರ್ಥನೆ

ಯಾವ ಪಾಸ್‌ವರ್ಡನ್ನೂ ಕೇಳದೆ ಎಲ್ಲರನ್ನೂ ಒಳಗೆ ಬಿಟ್ಟುಕೊಳ್ಳುವ ಆ ಭಗವಂತನಿಗೆ ಮೊದಲು ಕೈಮುಗಿದು, ನಮ್ಮ ಕಚೇರಿಯಲ್ಲಿ ನಡೆದ ಸಂಗತಿಯನ್ನು ತಮ್ಮಲ್ಲಿ ನಿವೇದಿಸಿಕೊಳ್ಳುತ್ತೇನೆ.

ನಾನು ಕೆಲಸ ಮಾಡುವ ನೀರು ಸರಬರಾಜು ಕಚೇರಿಯ ಸಮಸ್ತ ವ್ಯವಹಾರ ಈಗ ಕ್ಲೌಡ್‌ನಲ್ಲಿದೆ. ಹಾಜರಿ, ರಜೆ, ನಲ್ಲಿ ಸಂಪರ್ಕ, ಎಲ್ಲಕ್ಕೂ ಒಂದೇ ಖಾತೆ. ಕಂಪ್ಯೂಟರ್ ಕೋಣೆಯ ಬೀಗವೂ ಆ ಖಾತೆಗೇ ಸೇರಿದ್ದು. ಖಾತೆ ಮುಚ್ಚಿದರೆ ಬಾಗಿಲೂ ಮುಚ್ಚತಕ್ಕದ್ದು, ಖಾತೆ ತೆರೆದರೆ ಬಾಗಿಲೂ ತೆರೆಯತಕ್ಕದ್ದು ಎಂದು ನಿಯಮ. ಇಡೀ ಕಚೇರಿಗಿರುವ ಒಂದೇ ಕಂಪ್ಯೂಟರ್ ಆ ಕೋಣೆಯೊಳಗಿದೆ. ಇದರಿಂದ ಕಳ್ಳರ ಭಯ ಸಂಪೂರ್ಣ ನಿವಾರಣೆಯಾಗಿದೆ.

ಪಾಸ್‌ವರ್ಡನ್ನು ಆಗಾಗ ಬದಲಿಸಬೇಕು. ಹೆಂಡತಿಯ ಹೆಸರು, ಹುಟ್ಟಿದ ದಿನ, ದೇವರ ನಾಮ ನಿಷಿದ್ಧ. ಎಲ್ಲಿಯೂ ಬರೆದಿಡಕೂಡದು. ಒಟ್ಟಿನಲ್ಲಿ ನೆನಪಿನಲ್ಲಿ ಉಳಿಯುವಂಥದ್ದಾಗಿರಬಾರದು. ನಮ್ಮ ಆಪರೇಟರು ವಿಧೇಯ ಮನುಷ್ಯ. ಅಂದು ಬೆಳಿಗ್ಗೆ ಪಾಸ್‌ವರ್ಡ್ ಬದಲಿಸಿದರು, ಒಂದು ಲೋಟ ನೀರು ಕುಡಿದರು, ನಿಯಮದ ಪ್ರಕಾರ ಮರೆತರು.

ತಪ್ಪು ತಪ್ಪಾಗಿ ಹೊಡೆದದ್ದಕ್ಕೆ ಖಾತೆ ಮುಚ್ಚಿಕೊಂಡಿತು. ಬಾಗಿಲು ಕಟಕ್ ಎಂದಿತು. ಆಪರೇಟರು ಒಳಗುಳಿದರು.

ಇದಕ್ಕೂ ಪರಿಹಾರವಿತ್ತು. ಅವರು ಒಳಗಿನಿಂದ ಕೋರಿದರೆ ಸಾಹೇಬರ ಮೊಬೈಲಿಗೆ ಓಟಿಪಿ ಬರುತ್ತದೆ. ಅದನ್ನು ಕಂಪ್ಯೂಟರಿಗೆ ಕೊಟ್ಟರೆ ಖಾತೆ ತೆರೆಯುತ್ತದೆ. ಓಟಿಪಿ ಬಂತು. ಸಾಹೇಬರು ಆ ಕೋಣೆಯ ಕಿಟಕಿಯ ಹೊರಗೆ ನಿಂತು, ಕನ್ನಡಕ ಏರಿಸಿ, ಪೂರ್ತಿ ಓದಿದರು.

"ಹೇಳಿ ಸರ್, ಹೊಡೀತೀನಿ," ಅಂದರು ಆಪರೇಟರು ಸರಳುಗಳ ಆಚೆಯಿಂದ.

"ಹೇಗಪ್ಪಾ ಹೇಳೋದು? ಈ ಸಂಖ್ಯೆಯನ್ನು ಯಾರಿಗೂ ಹೇಳಬೇಡಿ ಅಂತ ಕೆಳಗೇ ಬರೆದಿದ್ದಾರಲ್ಲ."

"ನಾನು ನಿಮ್ಮ ಆಪರೇಟರು, ಸರ್."

"ಹಾಗಾದ್ರೆ 'ಆಪರೇಟರನ್ನು ಬಿಟ್ಟು' ಅಂತ ಹಾಕಬೇಕಿತ್ತು. ಹಾಕಿಲ್ಲ."

"ಮೊಬೈಲ್ ಈ ಕಡೆ ತಿರುಗಿಸಿಬಿಡಿ ಸಾಕು."

"ತೋರಿಸೋದೂ ಹೇಳಿದ ಹಾಗೇ ಅಲ್ವೇನಪ್ಪಾ."

ಅಷ್ಟರಲ್ಲಿ ಓಟಿಪಿಯ ಅವಧಿ ಮುಗಿಯಿತು. ಸಾಹೇಬರು ದೊಡ್ಡ ಪಾಪದಿಂದ ಪಾರಾದವರಂತೆ ಉಸಿರು ಬಿಟ್ಟರು.

ಬಡಗಿಯನ್ನು ಕರೆಸಲಾಯಿತು. ಅವರು ಬಾಗಿಲು ತಟ್ಟಿ ನೋಡಿ, "ಒಂದೇ ಏಟು, ಸ್ವಾಮಿ," ಅಂದರು. ಆದರೆ ಬಾಗಿಲು ಕಚೇರಿಯ ಆಸ್ತಿ. ಒಡೆಯಲು ಅನುಮತಿ ಬೇಕು. ಅನುಮತಿಯನ್ನು ಖಾತೆಯ ಮೂಲಕವೇ ಕೋರಬೇಕು.

"ಹಾಗಾದ್ರೆ ನಾನು ಹೊರಡ್ಲಾ?"

"ನೀವು ಬಂದಿದ್ದೇ ಇನ್ನೂ ಖಾತೆಯಲ್ಲಿ ದಾಖಲಾಗಿಲ್ಲವಲ್ಲ. ಬರದೇ ಇರೋರು ಹೊರಡೋದು ಹೇಗೆ? ಕೂತ್ಕೊಳ್ಳಿ," ಅಂದರು ಸಾಹೇಬರು. ಬಡಗಿ ಕೂತರು.

ಮಧ್ಯಾಹ್ನ ಆಪರೇಟರ ಅತ್ತೆ ಊಟದ ಡಬ್ಬಿ ಹಿಡಿದು ಏದುಸಿರು ಬಿಡುತ್ತ ಬಂದರು. "ಅಳಿಯಂದ್ರೇ, ಮಗಳಿಗೆ ನೋವು ಶುರುವಾಗಿದೆ. ಆಸ್ಪತ್ರೆಗೆ ಸೇರಿಸಿ ಬಂದೆ. ನಿಮ್ಮನ್ನೇ ಕೇಳ್ತಿದ್ದಾಳೆ, ಹೊರಡಿ."

"ಬಾಗಿಲು ತೆಗೆಯೋಕಾಗ್ತಿಲ್ಲ, ಅತ್ತೆ."

"ಯಾಕೆ, ಕೀಲಿಕೈ ಯಾರ ಹತ್ರ ಇದೆ?"

"ಸಾಹೇಬರಿಗೆ ಗೊತ್ತಿದೆ. ಅವರು ಹೇಳೋ ಹಾಗಿಲ್ಲ."

ಅತ್ತೆ ಸಾಹೇಬರನ್ನು ಮೇಲಿಂದ ಕೆಳಗೆ ನೋಡಿದರು. "ಚೊಚ್ಚಲ ಹೆರಿಗೆ, ಸಾಹೇಬ್ರೆ. ಮಗುಗೆ ಏನಂತ ಹೇಳಿ ಬರ್ಲಿ? ಸ್ವಲ್ಪ ತಡಿ, ನಿಮ್ಮಪ್ಪನ ಖಾತೆ ತೆರೀಲಿ ಅಂತಲಾ?"

"ಅಮ್ಮಾ, ನನಗೂ ಸಂಕಟ ಆಗುತ್ತೆ," ಅಂದರು ಸಾಹೇಬರು. ನಿಜಕ್ಕೂ ಕಣ್ಣು ಒದ್ದೆಯಾಗಿತ್ತು. "ಆದ್ರೆ ನರಮನುಷ್ಯರಿಗೆ ಹೇಳೋ ಹಾಗಿಲ್ಲ."

"ಹಾಗಾದ್ರೆ ದೇವರಿಗಾದ್ರೂ ಹೇಳ್ಕೊಳ್ಳಿ."

ಅವರು ಸಿಟ್ಟಿನಲ್ಲಿ ಅಂದದ್ದು. ಆದರೆ ಸಿಟ್ಟಿನ ಬಾಯಲ್ಲೂ ಭಗವಂತನೇ ನುಡಿಸುತ್ತಾನೆಂದು ನಂಬಿದವನು ನಾನು. ಮುಂದೆ ಹೋಗಿ ಅರಿಕೆ ಮಾಡಿಕೊಂಡೆ: "ಸರ್, ದೇವರಿಗೆ ಆ ಸಂಖ್ಯೆ ಮೊದಲೇ ಗೊತ್ತಿರುತ್ತೆ. ಗೊತ್ತಿರೋರಿಗೆ ಹೇಳಿದ್ರೆ ಹೇಳಿದ ಹಾಗಾಗಲ್ಲ."

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಪ್ರಾರ್ಥನೆ ಗಟ್ಟಿಯಾಗಿ ಮಾಡಬಹುದಾ, ಭಕ್ತರೇ?" ಕಚೇರಿಯಲ್ಲಿ ನನ್ನನ್ನು ಹಾಗೆಯೇ ಕರೆಯುವುದು.

"ಮಾಡಬಾರದು ಅಂತ ಸುತ್ತೋಲೆ ಇಲ್ಲ, ಸರ್."

"ಕಿಟಕಿ ಹತ್ರ?"

"ದೇವರು ಎಲ್ಲ ಕಡೆ ಇದ್ದಾನೆ, ಸರ್. ಕಿಟಕಿ ಹತ್ರಾನೂ."

ಹೊಸ ಓಟಿಪಿ ತರಿಸಲಾಯಿತು. ಸಾಹೇಬರು ಕಣ್ಣು ಮುಚ್ಚಿ, "ಹೇ ಕರುಣಾಸಾಗರಾ, ಜಗದೊಡೆಯಾ, ದೀನಬಂಧೂ..." ಎಂದು ಶುರುಮಾಡಿದರು. ನಮಗೆಲ್ಲ ರೋಮಾಂಚನವಾಯಿತು. ಸ್ತುತಿ ಮುಗಿಸಿ ಕಣ್ಣು ಬಿಡುವ ಹೊತ್ತಿಗೆ ಓಟಿಪಿ ತೀರಿಕೊಂಡಿತ್ತು.

"ಹೊಗಳಿದ್ದು ಸಾಕು, ಸಾಹೇಬ್ರೆ," ಅಂದರು ಅತ್ತೆ. "ಅವನ ಗುಣ ಅವನಿಗೆ ಗೊತ್ತು. ನೀವು ಅಂಕಿ ಹೇಳಿ."

ಇನ್ನೊಂದು ಬಂತು. ಈ ಸಲ ಸಾಹೇಬರು ಕಣ್ಣು ಬಿಟ್ಟುಕೊಂಡೇ ಬೇಡಿದರು. "ಸ್ವಾಮೀ, ಒಂಬತ್ತು. ಕಾಪಾಡಪ್ಪಾ, ಸೊನ್ನೆ. ತಂದೆಯೇ, ಮೂರು..." ಒಳಗಿನಿಂದ ಒಂದೊಂದು ಅಂಕಿಗೂ ಕೀಲಿಮಣೆ ತಥಾಸ್ತು ಎಂಬಂತೆ ಸದ್ದು ಮಾಡಿತು. ಬಾಗಿಲು ಕಟಕ್ ಎಂದಿತು.

ಆಪರೇಟರು ಬಡಗಿಯ ಸೈಕಲ್ಲನ್ನೇ ಹತ್ತಿದರು. ಡಬ್ಬಿ ಹಿಡಿದ ಅತ್ತೆ ಹಿಂದೆ ಕೂತರು. ಅವರು ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಒಳಗಿಂದ ಅಳು ಕೇಳಿಸಿತಂತೆ. ಹೆಣ್ಣು ಮಗು. ಅಪ್ಪನಿಗಾಗಿಯೇ ಕಾದಿತ್ತು ಎಂದು ನಾವೆಲ್ಲ ನಂಬಿದ್ದೇವೆ.

ಮರುದಿನ ಹೊರಟ ಸುತ್ತೋಲೆ ಈಗಲೂ ಗೋಡೆಯ ಮೇಲಿದೆ: "ಓಟಿಪಿಯನ್ನು ಯಾವ ಮನುಷ್ಯರಿಗೂ ಹೇಳಕೂಡದು. ದೇವರಿಗೆ ಸ್ಪಷ್ಟವಾಗಿ, ಕಿಟಕಿಗೆ ಮುಖ ಮಾಡಿ ನಿವೇದಿಸತಕ್ಕದ್ದು. ಸ್ತುತಿ ಚುಟುಕಾಗಿರಲಿ. ಆಗ ಕೇಳಿಸಿಕೊಂಡವರನ್ನು ಕೇಳಿಸಿಕೊಳ್ಳದವರೆಂದೇ ಪರಿಗಣಿಸಲಾಗುವುದು. ಆಪರೇಟರು ಪ್ರೇರಿತರಾಗಿ ಏನನ್ನಾದರೂ ಟೈಪ್ ಮಾಡಿದಲ್ಲಿ ಅದು ಅವರ ವೈಯಕ್ತಿಕ ಭಕ್ತಿ."

ಆಪರೇಟರು ಈಗಲೂ ನಿಯಮದಂತೆ ಪಾಸ್‌ವರ್ಡ್ ಬದಲಿಸಿ, ನಿಯಮದಂತೆ ಮರೆಯುತ್ತಾರೆ. ಯಾರಿಗೂ ಆತಂಕವಿಲ್ಲ. ಬೆಳಿಗ್ಗೆ ನಲ್ಲಿಯ ದೂರು ತಂದವರೂ ಚಪ್ಪಲಿ ಬಿಟ್ಟು ಸಾಲಾಗಿ ನಿಂತು ಕೈಮುಗಿಯುತ್ತಾರೆ. ಪಕ್ಕದ ಬೀದಿಯ ಕಚೇರಿಯವರೂ ಬಂದು ಕಲಿತುಕೊಂಡು ಹೋದರು. ಮಗು ಅಂಕಿ ಕೇಳದೆ ನಿದ್ದೆ ಮಾಡುವುದಿಲ್ಲವೆಂದು ಅತ್ತೆ ಅದನ್ನು ಎತ್ತಿಕೊಂಡು ದಿನಾ ಬರುತ್ತಾರೆ. ಸಾಹೇಬರ ಜೊತೆ ಈಗ ಅತ್ತೆಯೂ ಗಟ್ಟಿಯಾಗಿ ಅಂಕಿ ಹೇಳುತ್ತಾರೆ; ಸಾಹೇಬರಿಗೆ ಸೊನ್ನೆ ಸರಿಯಾಗಿ ಕಾಣುವುದಿಲ್ಲವಂತೆ.

ಇದನ್ನು ಕೇಳಿದವರ ಮನೆಯ ನಲ್ಲಿಯಲ್ಲಿ ನೀರು ಬರಲಿ. ಕೇಳಿಯೂ ಕೇಳಿಸಿಕೊಳ್ಳದವರೆಂದು ಪರಿಗಣಿಸಲ್ಪಟ್ಟವರಿಗೂ ಬರಲಿ. ನಿಮ್ಮ ಬಾಗಿಲುಗಳೆಲ್ಲ ಅವಧಿ ಮುಗಿಯುವ ಮುನ್ನ ತೆರೆಯಲಿ, ಆಚೆ ನಿಮಗಾಗಿ ಯಾರಾದರೂ ಕಾದಿರಲಿ.